ಪ್ರಾರ್ಥನೆ ಒಣಗಿದೆ ಎಂದು ಬರೆದವರಿಗೆ

ಪ್ರಶ್ನೆ: ನನಗೆ 38 ವರ್ಷ. ಊರು ಉಡುಪಿಯ ಕಡೆ, ಕೆಲಸ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ತಿಂಗಳಲ್ಲಿ ಅರ್ಧದಷ್ಟು ನೈಟ್ ಶಿಫ್ಟ್. ಮನೆಯಲ್ಲಿ ಮರೆಗುಳಿ ಕಾಯಿಲೆಯ ಅಮ್ಮನಿದ್ದಾರೆ. ಅವರಿಗೆ ಈಗ ನನ್ನ ಗುರುತೂ ಸಿಗುವುದಿಲ್ಲ, ನನ್ನನ್ನು ಆಯಾ ಎಂದುಕೊಂಡಿದ್ದಾರೆ. ಆದರೆ ನಾನು 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂದು ಶುರು ಮಾಡಿದರೆ ಕರ್ತನ ಪ್ರಾರ್ಥನೆಯನ್ನು ಕೊನೆಯವರೆಗೂ ಜೊತೆಯಲ್ಲಿ ಹೇಳುತ್ತಾರೆ. ನನಗೋ ಒಂದೂವರೆ ವರ್ಷದಿಂದ ಪ್ರಾರ್ಥನೆಗೆ ಕುಳಿತರೆ ಗೋಡೆಯೊಂದಿಗೆ ಮಾತಾಡಿದಂತೆ ಆಗುತ್ತದೆ. ಮೊದಲು ಹಾಡು ಕೇಳಿದರೆ ಕಣ್ಣು ತುಂಬುತ್ತಿತ್ತು, ಈಗ ಏನೂ ಆಗುವುದಿಲ್ಲ. ನಮ್ಮ ಪ್ರಾರ್ಥನಾ ಕೂಟದವರು ಮುಚ್ಚಿಟ್ಟ ಪಾಪ ಏನೋ ಇರಬೇಕು, 40 ದಿನ ಉಪವಾಸ ಪ್ರಾರ್ಥನೆ ಮಾಡು, ರಾತ್ರಿ ಮೂರು ಗಂಟೆಗೆ ಎದ್ದು ಪ್ರಾರ್ಥಿಸು ಎನ್ನುತ್ತಾರೆ. ಕೆಲಸ ಬಿಟ್ಟು ಪೂರ್ಣಾವಧಿ ಸೇವೆಗೆ ಹೋದರೆ ಸರಿಹೋದೀತೇ ಎಂದೂ ಯೋಚಿಸುತ್ತಿದ್ದೇನೆ. ದೇವರ ಪ್ರೀತಿ ನನ್ನನ್ನು ಬಿಟ್ಟುಹೋಗಿದೆಯೇ? ಆತ್ಮವನ್ನು ಪೋಷಿಸಿಕೊಳ್ಳುವುದು ಹೇಗೆ?

ಉತ್ತರ: ಇಲ್ಲ ತಾಯಿ, ಬಿಟ್ಟುಹೋಗಿಲ್ಲ. ಈ ಮಾತನ್ನು ನಿಮ್ಮನ್ನು ಸಮಾಧಾನ ಮಾಡಲೆಂದು ಹೇಳುತ್ತಿಲ್ಲ. ನಿಮ್ಮ ಪತ್ರದಲ್ಲೇ ಇದಕ್ಕೆ ಸಾಕ್ಷಿಯಿದೆ, ಅದನ್ನು ಮುಂದೆ ತೋರಿಸುತ್ತೇನೆ. ಅದಕ್ಕೂ ಮೊದಲು ನಿಮಗೆ ವಿಚಿತ್ರವೆನಿಸಬಹುದಾದ ಒಂದು ಸಲಹೆ: ನೀವು ಈಗ ಮಾಡುತ್ತಿರುವುದಕ್ಕಿಂತ ಕಡಿಮೆ ಮಾಡಿ. ಉಪವಾಸ ಬೇಡ, ಮೂರು ಗಂಟೆಯ ಪ್ರಾರ್ಥನೆಯೂ ಬೇಡ. ಸಭಾಪಾಲಕನಾಗಿ ನಾನು ಕಂಡಂತೆ, ಆತ್ಮ ಒಣಗಿದೆ ಎಂದು ಬರುವ ಹೆಚ್ಚಿನವರಿಗೆ ಭಕ್ತಿ ಕಡಿಮೆಯಾಗಿರುವುದಿಲ್ಲ. ಅವರು ದಣಿದಿರುತ್ತಾರೆ. ಆ ದಣಿವನ್ನು ಯಾರೋ ಪಾಪವೆಂದು ಕರೆದಿರುತ್ತಾರೆ.

ಕೂಟದವರ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಸಂಕಟದಲ್ಲಿರುವವರ ಮುಂದೆ ಕುಳಿತು ಅವರ ಪಾಪದ ಲೆಕ್ಕ ಹುಡುಕುವ ಪದ್ಧತಿ ಹೊಸದೇನಲ್ಲ. ಬೈಬಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನ ಮೂವರು ಸ್ನೇಹಿತರು ಮೊದಲ ಏಳು ದಿನ ಅವನೊಂದಿಗೆ ನೆಲದ ಮೇಲೆ ಸುಮ್ಮನೆ ಕುಳಿತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಅಧ್ಯಾಯದ ಮೇಲೆ ಅಧ್ಯಾಯ, ನೀನು ಏನೋ ತಪ್ಪು ಮಾಡಿರಲೇಬೇಕು ಎಂಬ ಒಂದೇ ವಾದ. ಕೊನೆಗೆ ದೇವರು ಕೋಪಗೊಂಡದ್ದು ಗೊಣಗಿದ, ಜಗಳವಾಡಿದ, ಹುಟ್ಟಿದ ದಿನವನ್ನೇ ಶಪಿಸಿದ ಯೋಬನ ಮೇಲಲ್ಲ, ದೇವರ ಪರವಾಗಿ ವಾದಿಸುತ್ತಿದ್ದೇವೆಂದುಕೊಂಡಿದ್ದ ಆ ಸ್ನೇಹಿತರ ಮೇಲೆ. ಹುಟ್ಟುಕುರುಡನನ್ನು ಕಂಡ ಶಿಷ್ಯರೂ ಯೇಸುಸ್ವಾಮಿಯನ್ನು ಕೇಳಿದ್ದು ಇದನ್ನೇ: ಪಾಪ ಮಾಡಿದವರು ಯಾರು, ಇವನೋ, ಇವನನ್ನು ಹೆತ್ತವರೋ? ಇಬ್ಬರೂ ಅಲ್ಲ ಎಂಬ ಉತ್ತರ ಬಂತು. ನಿಮ್ಮ ಕೂಟದವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ನಿಮ್ಮ ಸಂಕಟಕ್ಕೆ ಕಾರಣ ಸಿಗದೆ ಅವರಿಗೂ ಭಯವಾಗಿದೆ, ಭಯಕ್ಕೆ ಒಂದು ಕಾರಣ ಬೇಕಾಗಿದೆ. ಆದರೆ ನೀವು ಆ ಕಾರಣವಾಗಬೇಕಿಲ್ಲ. ನಿಜವಾದ ಪಾಪವಿದ್ದರೆ ಅದು ಸಾಮಾನ್ಯವಾಗಿ ತನ್ನ ಹೆಸರು ಹೇಳಿಕೊಂಡೇ ಎದುರಿಗೆ ಬರುತ್ತದೆ: ಈ ಸುಳ್ಳು, ಈ ಹಗೆ, ಈ ಹಣ ಎಂದು. ಏನೋ ಇರಬೇಕು, ಏನೆಂದು ಗೊತ್ತಿಲ್ಲ ಎಂದು ಕಾಡುವ ಮಂಜಿನಂಥ ಅಪರಾಧಭಾವವನ್ನು ನಾನು ದೇವರ ಧ್ವನಿಯೆಂದು ಒಪ್ಪುವುದಿಲ್ಲ.

ಈಗ ಪ್ರವಾದಿ ಎಲೀಯನ ವಿಷಯಕ್ಕೆ ಬರುತ್ತೇನೆ. ನಿಮ್ಮಂಥವರಿಗೆ ನಾನು ಮೊದಲು ಓದಲು ಹೇಳುವುದು ಅರಸುಗಳು ಮೊದಲನೆಯ ಪುಸ್ತಕದ 19ನೆಯ ಅಧ್ಯಾಯವನ್ನು. ಕರ್ಮೆಲ್ ಬೆಟ್ಟದಲ್ಲಿ ಆಕಾಶದಿಂದ ಬೆಂಕಿ ಇಳಿದದ್ದನ್ನು ಕಂಡ ಮನುಷ್ಯ ಅವನು. ಅದರ ಬೆನ್ನಲ್ಲೇ ಈಜೆಬೆಲ್ ರಾಣಿಯ ಬೆದರಿಕೆ ಕೇಳಿ ಓಡಿಹೋದ. ಬೇರ್ಷೆಬದಲ್ಲಿ ಸೇವಕನನ್ನು ಬಿಟ್ಟು, ಒಂದು ದಿನದ ದಾರಿ ಅಡವಿಯೊಳಗೆ ನಡೆದು, ಒಂದು ಗಿಡದ ಕೆಳಗೆ ಕುಳಿತು, ಸಾಕು, ನನ್ನ ಪ್ರಾಣ ತೆಗೆದುಬಿಡು ಎಂದು ಬೇಡಿಕೊಂಡು ಮಲಗಿಬಿಟ್ಟ. ಇಲ್ಲಿ ದೇವರು ಏನು ಮಾಡಿದನೆಂದು ನಿಧಾನವಾಗಿ ನೋಡಿ. ನಿನ್ನ ನಂಬಿಕೆ ಎಲ್ಲಿ ಹೋಯಿತು ಎಂದು ಕೇಳಲಿಲ್ಲ. ಕರ್ಮೆಲಿನ ಬೆಂಕಿಯನ್ನು ನೆನಪಿಸಲಿಲ್ಲ. ಒಬ್ಬ ದೂತ ಬಂದು ಮೈ ಮುಟ್ಟಿ, ಎದ್ದು ಊಟ ಮಾಡು ಎಂದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ಪಾತ್ರೆಯಲ್ಲಿ ನೀರು. ಅವನು ತಿಂದು ಕುಡಿದು ಮತ್ತೆ ಮಲಗಿದ. ಅದಕ್ಕೂ ಗದರಿಕೆ ಇಲ್ಲ. ದೂತ ಎರಡನೆಯ ಸಲ ಬಂದು ಮತ್ತೆ ಮುಟ್ಟಿ, ಮತ್ತೆ ಊಟಕ್ಕೆ ಎಬ್ಬಿಸಿದ. ದಾರಿ ದೂರವಿದೆ, ನಿನ್ನ ಶಕ್ತಿಗೆ ಅದು ಮೀರಿದ್ದು ಎಂದ. ಮುಂದೆ ಹೋರೇಬ್ ಬೆಟ್ಟದಲ್ಲಿ ದೇವರು ಎಲೀಯನೊಂದಿಗೆ ಮಾತಾಡಿದ ಮೆಲುದನಿಯ ಬಗ್ಗೆ ಎಲ್ಲರೂ ಪ್ರಸಂಗ ಮಾಡುತ್ತಾರೆ, ಈ ಎರಡು ನಿದ್ದೆ ಮತ್ತು ಎರಡು ಊಟದ ಬಗ್ಗೆ ಮಾಡುವವರು ಕಡಿಮೆ. ಆ ಮೆಲುದನಿ ಕೇಳಿಸಿದ್ದು ಇವುಗಳಾದ ಮೇಲೆ, 40 ದಿನ ನಡೆದ ಮೇಲೆ. ಆಗಲೂ ಎಲೀಯನ ದೂರು ಬದಲಾಗಲಿಲ್ಲ. ದೇವರು ಇಲ್ಲೇನು ಮಾಡುತ್ತಿದ್ದೀ ಎಂದು ಎರಡು ಸಲ ಕೇಳಿದಾಗ ಎರಡು ಸಲವೂ ಅದೇ ಮಾತು: ನಾನೊಬ್ಬನೇ ಉಳಿದಿದ್ದೇನೆ. ದೇವರು ಆ ದೂರನ್ನು ತಿದ್ದುತ್ತಾ ಕೂರದೆ ಅವನಿಗೆ ಮಾಡಲು ಕೆಲಸ ಕೊಟ್ಟ, ಜೊತೆಗೆ ಎಲೀಷನೆಂಬ ಸಂಗಾತಿಯನ್ನು ಕೊಟ್ಟ, ನಿನ್ನಂಥವರು ಇನ್ನೂ ಏಳು ಸಾವಿರ ಮಂದಿ ಇದ್ದಾರೆಂದು ತಿಳಿಸಿದ.

ನಿದ್ದೆ, ಊಟ, ಜೊತೆಗಾರ. ಆತ್ಮದ ಪೋಷಣೆ ಶುರುವಾಗುವುದು ಇಲ್ಲಿಂದ ಎಂದರೆ ಕೆಲವರಿಗೆ ಸಪ್ಪೆ ಎನಿಸುತ್ತದೆ. ನೀವು ನರ್ಸ್, ನಿಮಗೆ ಇದನ್ನು ವಿವರಿಸಬೇಕಿಲ್ಲ. ರಾತ್ರಿ ಎಂಟಕ್ಕೆ ವಾರ್ಡಿಗೆ ಹೋಗಿ, ಬೆಳಿಗ್ಗೆ ಹ್ಯಾಂಡೋವರ್ ಮುಗಿಸಿ, ಬಸ್ ಹಿಡಿದು ಮನೆಗೆ ಬಂದು, ಅಮ್ಮನಿಗೆ ಸ್ನಾನ ಮಾಡಿಸಿ ಗಂಜಿ ಕುಡಿಸಿ, ಅವರು ಮಧ್ಯಾಹ್ನ ಕಣ್ಣು ಮುಚ್ಚಿದಾಗ ಮಾತ್ರ ನೀವೂ ಮುಚ್ಚುವ ಬದುಕಿನಲ್ಲಿ, ರಾತ್ರಿ ಮೂರಕ್ಕೆ ಎದ್ದು ಪ್ರಾರ್ಥಿಸು ಎಂದವರು ನಿಮ್ಮ ದಿನಚರಿಯನ್ನು ಒಮ್ಮೆಯೂ ಕೇಳಿಲ್ಲ ಎಂದೇ ಅರ್ಥ. ಮೂರು ಗಂಟೆಗೆ ನೀವು ತಿಂಗಳ ಅರ್ಧದಷ್ಟು ದಿನಗಳಲ್ಲಿ ಎದ್ದೇ ಇರುತ್ತೀರಿ, ಇನ್ನೊಬ್ಬರ ಡ್ರಿಪ್ ನೋಡುತ್ತಾ.

ಆದ್ದರಿಂದ ಮೊದಲ ಹೆಜ್ಜೆಯಾಗಿ ವೈದ್ಯರನ್ನು ಕಾಣಿ. ರಕ್ತಹೀನತೆ ಮತ್ತು ಥೈರಾಯ್ಡ್ ಪರೀಕ್ಷೆಯಾಗಲಿ. ಖಿನ್ನತೆ ಇದೆಯೇ ಎಂದೂ ಪರೀಕ್ಷೆಯಾಗಲಿ. ಹಾಡು ಕೇಳಿದರೆ ಏನೂ ಆಗುವುದಿಲ್ಲ ಎಂದಿರಿ. ಹಾಡಷ್ಟೇ ಅಲ್ಲದೆ ಊಟ, ಗೆಳತಿಯರು, ಊರಿನ ಹಬ್ಬ ಯಾವುದೂ ರುಚಿಸುತ್ತಿಲ್ಲವಾದರೆ, ನಿದ್ದೆ ಕೆಟ್ಟಿದ್ದರೆ, ಬದುಕಿ ಏನು ಎಂಬ ಯೋಚನೆ ಬರುತ್ತಿದ್ದರೆ ತಡಮಾಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತನಾಡಬಹುದು, ಹಗಲು ರಾತ್ರಿ ಎನ್ನದೆ. ಮಾತ್ರೆ ತೆಗೆದುಕೊಳ್ಳುವುದು ನಂಬಿಕೆಯ ಕೊರತೆ ಎನ್ನುವವರು ನಿಮ್ಮ ಸುತ್ತ ಇರಬಹುದು. ಎಲೀಯನಿಗೆ ಬಂದದ್ದು ರೊಟ್ಟಿ, ಉಪದೇಶವಲ್ಲ ಎಂದು ಅವರಿಗೆ ಹೇಳಿ.

ಎಲ್ಲ ಒಣಗುವಿಕೆಯೂ ಕಾಯಿಲೆಯಲ್ಲ, ನಿಜ. ಸ್ಪೇನಿನ ಕಾರ್ಮೆಲೈಟ್ ಸಂನ್ಯಾಸಿ ಶಿಲುಬೆಯ ಯೋಹಾನ ಈ ವ್ಯತ್ಯಾಸವನ್ನು 16ನೆಯ ಶತಮಾನದಲ್ಲೇ ಗುರುತಿಸಿದ್ದ. ಅವನು ಅನುಭವಿಸಿಯೇ ಬರೆದವನು. ಸಂನ್ಯಾಸಿ ಸಂಘದಲ್ಲಿ ಅವನು ತರಲು ಹೊರಟ ಸುಧಾರಣೆಯನ್ನು ಒಪ್ಪದ ಸಂಘದ ಸಹೋದರರೇ 1577ರ ಡಿಸೆಂಬರ್‌ನಲ್ಲಿ ಅವನನ್ನು ಹಿಡಿದು ತೊಲೇದೋ ನಗರದ ಮಠದಲ್ಲಿ ಒಂದು ಇಕ್ಕಟ್ಟಿನ ಕತ್ತಲೆ ಕೋಣೆಯಲ್ಲಿ ಕೂಡಿಹಾಕಿದರು. ಮರುವರ್ಷ ಆಗಸ್ಟ್‌ನಲ್ಲಿ ಅವನು ತಪ್ಪಿಸಿಕೊಂಡು ಬಂದ. ಆತ್ಮದ ಕತ್ತಲ ರಾತ್ರಿಯನ್ನು ಗುರುತಿಸಲು ಅವನು ಮೂರು ಲಕ್ಷಣ ಹೇಳುತ್ತಾನೆ. ದೇವರ ಸಂಗತಿಗಳಲ್ಲಿ ಸವಿ ಇರುವುದಿಲ್ಲ, ಆದರೆ ಬೇರೆ ಯಾವುದರಲ್ಲೂ ಇರುವುದಿಲ್ಲ. ಮೊದಲಿನಂತೆ ಕುಳಿತು ಧ್ಯಾನಿಸಲು, ಕಲ್ಪಿಸಿಕೊಳ್ಳಲು ಆಗುವುದಿಲ್ಲ. ಇವೆರಡೂ ಮನಸ್ಸಿನ ವಿಷಾದದಿಂದಲೂ ಬರಬಹುದು ಎಂದು ಅವನೇ ಎಚ್ಚರಿಸುತ್ತಾನೆ. ಅದಕ್ಕೇ ಮತ್ತೊಂದು ಲಕ್ಷಣ ಅವನಿಗೆ ಮುಖ್ಯ: ನಾನು ದೇವರಿಂದ ದೂರ ಹೋಗುತ್ತಿದ್ದೇನೆಯೋ ಎಂಬ ನೋವಿನ ಕಾಳಜಿ ಬಿಡದೆ ಇರುತ್ತದೆ. ಭಕ್ತಿ ನಿಜವಾಗಿ ತಣ್ಣಗಾದವನಿಗೆ ಆ ಕಾಳಜಿಯೇ ಇರುವುದಿಲ್ಲ. ನಿಮ್ಮ ಪತ್ರದಲ್ಲಿ ಸಾಕ್ಷಿಯಿದೆ ಎಂದೆನಲ್ಲ, ಅದು ಇದೇ. ದೇವರ ಬಗ್ಗೆ ಉದಾಸೀನಳಾದ ಹೆಂಗಸು ಶಿಫ್ಟ್ ಮುಗಿಸಿ ಬಂದು ಕುಳಿತು, ದೇವರ ಪ್ರೀತಿ ನನ್ನನ್ನು ಬಿಟ್ಟುಹೋಗಿದೆಯೇ ಎಂದು ಇಷ್ಟು ಉದ್ದದ ಪತ್ರ ಬರೆಯುವುದಿಲ್ಲ. ಖಿನ್ನತೆಯೂ ಕತ್ತಲ ರಾತ್ರಿಯೂ ಒಟ್ಟಿಗೇ ಇರಬಹುದು ಎಂಬುದನ್ನೂ ಸೇರಿಸುತ್ತೇನೆ. ಒಂದಿದೆಯೆಂದು ಇನ್ನೊಂದಕ್ಕೆ ಆರೈಕೆ ತಪ್ಪಿಸಬಾರದು.

ಯೋಹಾನನ ಹಿರಿಯ ಸಂಗಾತಿ ಆವಿಲಾದ ತೆರೇಸಾ ಇನ್ನಷ್ಟು ನೇರವಾಗಿ ಬರೆದಿದ್ದಾಳೆ. ಕೆಲವು ವರ್ಷಗಳ ಕಾಲ ಪ್ರಾರ್ಥನೆಯ ಗಂಟೆ ಯಾವಾಗ ಮುಗಿದೀತೋ ಎಂಬುದೇ ಅವಳ ಚಿಂತೆಯಾಗಿತ್ತಂತೆ. ಹದಿನೆಂಟು ವರ್ಷ ಕೈಯಲ್ಲಿ ಪುಸ್ತಕವಿಲ್ಲದೆ ಪ್ರಾರ್ಥನೆಗೆ ಕೂರುವ ಧೈರ್ಯ ಅವಳಿಗಿರಲಿಲ್ಲ. ಮುಂದೆ ಕ್ರೈಸ್ತ ಲೋಕಕ್ಕೆಲ್ಲ ಪ್ರಾರ್ಥನೆ ಕಲಿಸಿದವಳು ಅವಳೇ.

ನಮ್ಮ ಕಾಲಕ್ಕೆ ಬಂದರೆ ಮದರ್ ತೆರೇಸಾ ಇದ್ದಾರೆ. 1950ರಲ್ಲಿ ಕೋಲ್ಕತ್ತಾದಲ್ಲಿ ಮಿಷನರೀಸ್ ಆಫ್ ಚಾರಿಟಿ ಶುರು ಮಾಡಿದವರು, 1997ರಲ್ಲಿ ತೀರಿಕೊಂಡವರು. ಅವರ ಖಾಸಗಿ ಪತ್ರಗಳು 2007ರಲ್ಲಿ ಪ್ರಕಟವಾದಾಗ ಜಗತ್ತು ಬೆರಗಾಯಿತು. ಆ ಸೇವೆ ಶುರುವಾದ ಹೊತ್ತಿನಿಂದಲೇ ದೇವರ ಸಾನ್ನಿಧ್ಯದ ಅನುಭವ ಅವರಿಂದ ಹೊರಟುಹೋಗಿತ್ತು. 1958ರಲ್ಲಿ ಕೆಲವು ವಾರ ಮಾತ್ರ ಮರಳಿ ಬಂದದ್ದು ಬಿಟ್ಟರೆ ಉಳಿದ ದಶಕಗಳೆಲ್ಲ ಕತ್ತಲೆಯೇ. ಹೊರಗೆ ನಗುಮುಖ, ಒಳಗೆ ಏನೂ ಇಲ್ಲ. ಇದನ್ನು ಓದಿ ಆಕೆ ನಂಬಿಕೆ ಕಳೆದುಕೊಂಡಿದ್ದರು ಎಂದು ಬರೆದವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ನಂಬಿಕೆ ಕಳೆದುಕೊಂಡವರು ಅಷ್ಟು ವರ್ಷ ಬೆಳಗಿನ ಪ್ರಾರ್ಥನೆಗೆ ಮೊಣಕಾಲೂರುವುದಿಲ್ಲ. 1961ರ ಸುಮಾರಿಗೆ ಜೋಸೆಫ್ ನ್ಯೂನರ್ ಎಂಬ, ಜೆಸ್ವಿತ್ ಎಂಬ ಕಥೋಲಿಕ ಸಂಘದ ಪಾದ್ರಿ ಅವರಿಗೆ ದೊಡ್ಡ ಆಸರೆಯಾದರು. ಈ ಕತ್ತಲೆ ನಿಮ್ಮ ತಪ್ಪಿನಿಂದ ಬಂದದ್ದಲ್ಲ, ದೇವರಿಗಾಗಿ ನಿಮ್ಮಲ್ಲಿರುವ ಹಂಬಲವೇ ಅವನು ಮರೆಯಾಗಿ ಇದ್ದಾನೆಂಬುದರ ಗುರುತು ಎಂಬುದು ಅವರ ಮಾತಿನ ಸಾರ. ಕತ್ತಲೆ ಹೋಗಲಿಲ್ಲ, ಆದರೆ ಅದರೊಂದಿಗೆ ಇರುವುದು ಸಾಧ್ಯವಾಯಿತು.

ಇನ್ನು ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಾಲಿಗೆ ಬರುತ್ತೇನೆ. ಅಮ್ಮನಿಗೆ ನಿಮ್ಮ ಗುರುತು ಸಿಗುವುದಿಲ್ಲ. ನೀವು ತುತ್ತು ಕೊಡುವಾಗ ಅವರು ಯಾರಮ್ಮ ನೀನು ಎನ್ನುತ್ತಾರೆ, ಕೆಲವು ಸಲ ಕೈ ತಳ್ಳುತ್ತಲೂ ಇರಬಹುದು. ಆಗ ನಿಮ್ಮ ಪ್ರೀತಿ ಕಡಿಮೆಯಾಗುತ್ತದೆಯೇ? ಅಮ್ಮನಿಗೆ ನಾನು ತಿಳಿಯುವುದಿಲ್ಲ, ಆದ್ದರಿಂದ ನಾನು ಅವರ ಮಗಳಲ್ಲ ಎಂದು ನಿಮಗೆ ಒಂದು ದಿನವಾದರೂ ಅನಿಸಿದೆಯೇ? ಅವರಿಗೆ ನೆನಪಿಲ್ಲದಿದ್ದರೂ ಅವರು ನಿಮ್ಮ ಪ್ರೀತಿಯ ಒಳಗೇ ಇದ್ದಾರೆ. ಅವರ ಬಟ್ಟೆ ಒಗೆದಿದೆ, ಮಾತ್ರೆ ಹೊತ್ತಿಗೆ ಸರಿಯಾಗಿ ಬಂದಿದೆ, ಹಿಮ್ಮಡಿಗೆ ಎಣ್ಣೆ ಹಚ್ಚಲಾಗಿದೆ. ಪ್ರೀತಿಯ ಅನುಭವ ಅವರಲ್ಲಿ ಇಲ್ಲ, ಪ್ರೀತಿ ಇದೆ. ಈಗ ನಿಮ್ಮನ್ನು ಅಮ್ಮನ ಜಾಗದಲ್ಲಿಟ್ಟು ನೋಡಿಕೊಳ್ಳಿ. ಗಲಾತ್ಯ ಸೀಮೆಯ ಸಭೆಗಳಿಗೆ ಪತ್ರ ಬರೆಯುವಾಗ ಅಪೊಸ್ತಲ ಪೌಲನು, ನೀವು ಈಗ ದೇವರನ್ನು ಅರಿತಿದ್ದೀರಿ ಎಂದು ಬರೆದು, ಅಲ್ಲೇ ತನ್ನನ್ನು ತಿದ್ದಿಕೊಳ್ಳುತ್ತಾನೆ: ಅಷ್ಟೇ ಅಲ್ಲ, ದೇವರೇ ನಿಮ್ಮನ್ನು ಅರಿತಿದ್ದಾನೆ. ನಮ್ಮ ಕಡೆಯಿಂದ ಅರಿವು ಮಂಕಾಗಬಹುದು, ಆ ಕಡೆಯಿಂದ ಮಂಕಾಗುವುದಿಲ್ಲ. ಪ್ರವಾದಿ ಯೆಶಾಯನ ಪುಸ್ತಕದ 49ನೆಯ ಅಧ್ಯಾಯವಂತೂ ನಿಮ್ಮ ಮನೆಯನ್ನು ನೋಡಿಯೇ ಹೇಳಿದಂತಿದೆ. ತಾಯಿ ತನ್ನ ಮೊಲೆಕೂಸನ್ನು ಮರೆತಾಳೇ ಎಂದು ಕೇಳಿ, ಎಂದಿಗೂ ಇಲ್ಲ ಎನ್ನುವುದಿಲ್ಲ ಅಲ್ಲಿ. ತಾಯಿಯೂ ಮರೆಯಬಹುದು ಎಂದು ಒಪ್ಪಿಕೊಂಡು, ನಾನು ನಿನ್ನನ್ನು ಮರೆಯುವುದಿಲ್ಲ ಎನ್ನುತ್ತಾನೆ ದೇವರು. ತಾಯಿ ಮರೆತಿರುವ ಮನೆಯಲ್ಲಿ ಕುಳಿತು ಓದಿದರೆ ಆ ವಾಕ್ಯದ ತೂಕವೇ ಬೇರೆ.

ಅಮ್ಮ ಕರ್ತನ ಪ್ರಾರ್ಥನೆಯನ್ನು ಪೂರ್ತಿ ಹೇಳುತ್ತಾರೆ ಎಂದಿರಿ. ಮರೆಗುಳಿ ಕಾಯಿಲೆಯಲ್ಲಿ ಹೊಸ ನೆನಪುಗಳು ಮೊದಲು ಹೋಗುತ್ತವೆ. ಚಿಕ್ಕಂದಿನಿಂದ ಬಾಯಿಗೆ ಬಂದ ಪ್ರಾರ್ಥನೆ, ಹಾಡು ಬಹುಕಾಲ ಉಳಿಯುತ್ತವೆ. ಅರ್ಥವಾಗಿ ಹೇಳುತ್ತಾರೋ ಎಂದು ಯೋಚಿಸಬೇಡಿ. ಅವರ ಜೊತೆ ದಿನಕ್ಕೊಮ್ಮೆ ಅದನ್ನು ಹೇಳುವುದು ನಿಮ್ಮ ಪ್ರಾರ್ಥನೆಯೂ ಆಗಲಿ. ಈಗ ನಿಮ್ಮಲ್ಲಿ ಸ್ವಂತ ಮಾತಿಲ್ಲದಿದ್ದರೆ ಅಮ್ಮನ ಬಾಯಲ್ಲಿ ಉಳಿದಿರುವ ಮಾತು ಸಾಕು.

ಕಡಿಮೆ ಮಾಡಿ ಎಂದೆ. ಎಷ್ಟು ಕಡಿಮೆ? ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಜೆಸ್ವಿತ್ ಸಂಘದ ಸ್ಥಾಪಕ ಲೊಯೋಲಾದ ಇಗ್ನೇಷಿಯಸ್, ಮನಸ್ಸು ಬರಡಾದಾಗ ಪ್ರಾರ್ಥನೆಯನ್ನು ಸ್ವಲ್ಪ ಹೆಚ್ಚೇ ಮಾಡಬೇಕು ಎಂದು ಕಲಿಸಿದ್ದಾನೆ. ಅದು ಸೋಮಾರಿತನಕ್ಕೆ ಮದ್ದು, ಏಕಾಂತ ಧ್ಯಾನಕ್ಕೆಂದೇ ದಿನಗಳನ್ನು ತೆಗೆದಿಟ್ಟವರಿಗೆ ಹೇಳಿದ್ದು. ಅದೇ ಇಗ್ನೇಷಿಯಸ್ 1548ರಲ್ಲಿ ಗಾಂದಿಯಾದ ಡ್ಯೂಕ್ ಫ್ರಾನ್ಸಿಸ್ ಬೋರ್ಜಾನಿಗೆ ಬರೆದ ಪತ್ರದಲ್ಲಿ ತದ್ವಿರುದ್ಧ ಸಲಹೆಯಿದೆ. ಬೋರ್ಜಾ ಗಂಟೆಗಟ್ಟಲೆ ಪ್ರಾರ್ಥನೆ, ಕಠಿಣ ಉಪವಾಸ ಮಾಡುತ್ತಿದ್ದವನು, ಮೇಲೆ ಇಡೀ ಸೀಮೆಯ ಆಡಳಿತದ ಹೊಣೆ. ಪ್ರಾರ್ಥನೆಯ ಹೊತ್ತನ್ನು ಅರ್ಧಕ್ಕೆ ಇಳಿಸು, ಸರಿಯಾಗಿ ಊಟ ಮಾಡು, ದೇಹವೂ ದೇವರದೇ, ಅದಕ್ಕೂ ಲೆಕ್ಕ ಒಪ್ಪಿಸಬೇಕು ಎಂದು ಇಗ್ನೇಷಿಯಸ್ ಬರೆದ. ಯೌವನದಲ್ಲಿ ಮನ್ರೇಸಾದಲ್ಲಿ ಅತಿಯಾದ ಉಪವಾಸದಿಂದ ತನ್ನ ಆರೋಗ್ಯವನ್ನೇ ಹಾಳುಮಾಡಿಕೊಂಡಿದ್ದವನು ಹೇಳಿದ ಮಾತು ಇದು. ನಿಮ್ಮ ಸ್ಥಿತಿ ಬೋರ್ಜಾನ ಸ್ಥಿತಿ.

ದಿನಕ್ಕೆ ಹದಿನೈದು ನಿಮಿಷ. ಮನಸ್ಸು ಬಂದರೂ ಹೆಚ್ಚಿಸಬೇಡಿ, ಬರದಿದ್ದರೂ ಬಿಡಬೇಡಿ. ಹೊತ್ತು ಗೊತ್ತುಮಾಡಿಕೊಳ್ಳಲು ನಿಮ್ಮ ಶಿಫ್ಟ್ ಬಿಡುವುದಿಲ್ಲವಾದ್ದರಿಂದ ಗಡಿಯಾರಕ್ಕೆ ಕಟ್ಟುವ ಬದಲು ಒಂದು ಕೆಲಸಕ್ಕೆ ಕಟ್ಟಿ: ಅಮ್ಮ ಮಲಗಿದ ಮೇಲಿನ ಮೊದಲ ಹದಿನೈದು ನಿಮಿಷ ಎಂದಿರಲಿ. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಕೈಯಲ್ಲಿ ಅಚ್ಚಿನ ಸತ್ಯವೇದ (ಬೈಬಲ್) ಇರಲಿ. ಅದರ ಕೀರ್ತನೆಗಳ ಪುಸ್ತಕದಿಂದ ಒಂದು ವಾರಕ್ಕೆ ಒಂದೇ ಕೀರ್ತನೆ. ಮೆಲ್ಲಗೆ, ನಿಮಗೆ ಕೇಳಿಸುವಷ್ಟು ಗಟ್ಟಿಯಾಗಿ ಓದಿ. ಯಾವ ಸಾಲಿನಲ್ಲಿ ನಿಲ್ಲಬೇಕೆನಿಸುತ್ತದೋ ಅಲ್ಲಿ ನಿಲ್ಲಿ. ಎಲ್ಲಿಯೂ ನಿಲ್ಲಬೇಕೆನಿಸದಿದ್ದರೆ ಮತ್ತೊಮ್ಮೆ ಓದಿ ಮುಚ್ಚಿಡಿ. ಅಷ್ಟೇ. ನನಗೇನೂ ಅನಿಸಲಿಲ್ಲ ಎಂದು ಅಳೆಯಲು ಹೋಗಬೇಡಿ.

ಶುರುವಿಗೆ 13ನೆಯ ಕೀರ್ತನೆ. ಆರೇ ವಚನ. ಮೊದಲೆರಡರಲ್ಲಿ ಎಷ್ಟರವರೆಗೆ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ದೇವರ ಮುಖಕ್ಕೇ ಎಸೆದ ಪ್ರಶ್ನೆ ಅದು. ನಮ್ಮ ಸಭೆಗಳಲ್ಲಿ ಸ್ತೋತ್ರ, ಸ್ತುತಿ, ಸಾಕ್ಷಿಗೆ ಎಷ್ಟು ಜಾಗವಿದೆಯೋ ಗೋಳಿಗೆ ಅಷ್ಟು ಜಾಗವಿಲ್ಲ. ಇದು ದೊಡ್ಡ ನಷ್ಟವೆಂದು ನನ್ನ ದೃಢವಾದ ಅಭಿಪ್ರಾಯ. 150 ಕೀರ್ತನೆಗಳಲ್ಲಿ ಮೂರನೇ ಒಂದರಷ್ಟಾದರೂ ಗೋಳಿನವು, ದೂರಿನವು. ನಾವು ಸಾಂತ್ವನದ 23ನ್ನು ಬಾಯಿಪಾಠ ಮಾಡಿಸುತ್ತೇವೆ, ಅದರ ಪಕ್ಕದಲ್ಲೇ ಇರುವ, ನನ್ನ ದೇವರೇ ಯಾಕೆ ಕೈಬಿಟ್ಟೆ ಎಂದು ಶುರುವಾಗುವ 22ನ್ನು ಶುಭ ಶುಕ್ರವಾರಕ್ಕೆ ಮಾತ್ರ ತೆಗೆಯುತ್ತೇವೆ. ಯೇಸುಸ್ವಾಮಿ ಶಿಲುಬೆಯ ಮೇಲೆ ಪ್ರಾರ್ಥಿಸಲು ಆರಿಸಿಕೊಂಡದ್ದು 22ನ್ನು. ಎರಡನೆಯ ವಾರ 88ನ್ನು ತೆಗೆದುಕೊಳ್ಳಿ. ಬೇರೆ ಗೋಳಿನ ಕೀರ್ತನೆಗಳು ಕೊನೆಗೆ ಹೇಗೋ ಸ್ತುತಿಯ ಕಡೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಹಾಗಿದ್ದೂ ಅದನ್ನು ಸತ್ಯವೇದದಿಂದ ಯಾರೂ ತೆಗೆದುಹಾಕಲಿಲ್ಲ. ದೇವಜನರು ಅದನ್ನೂ ಪ್ರಾರ್ಥನೆಯೆಂದೇ ಎಣಿಸಿದರು. ಗೋಡೆಯೊಂದಿಗೆ ಮಾತಾಡಿದಂತೆ ಆಗುತ್ತದೆ ಎಂದಿರಲ್ಲ, ಆ ಮಾತನ್ನೇ ದೇವರಿಗೆ ಹೇಳಿ. ಅದು ನಿಮ್ಮ ಈ ವರ್ಷದ ಅತಿ ಪ್ರಾಮಾಣಿಕ ಪ್ರಾರ್ಥನೆಯಾಗಿರಬಹುದು.

ಆಮೇಲೆ 131. ಮೂರೇ ವಚನದ ಪುಟ್ಟ ಕೀರ್ತನೆ. ಮೊಲೆ ಬಿಡಿಸಿದ ಕೂಸು ತಾಯಿಯ ಮಡಿಲಲ್ಲಿರುವಂತೆ ನನ್ನ ಪ್ರಾಣ ಸುಮ್ಮನಿದೆ ಎನ್ನುತ್ತಾನೆ ಕವಿ. ಹಾಲಿಗೆ ಅಳುವ ಕೂಸಲ್ಲ ಅದು. ಹಾಲು ಇನ್ನು ಸಿಗುವುದಿಲ್ಲವೆಂದು ಗೊತ್ತಿದೆ, ಬಿಡಿಸುವಾಗ ಅತ್ತೂ ಆಗಿದೆ, ಆದರೂ ಮಡಿಲು ಬಿಟ್ಟಿಲ್ಲ. ಈಗ ಅದಕ್ಕೆ ಬೇಕಿರುವುದು ತಾಯಿ ಮಾತ್ರ. ಹಾಡು ಕೇಳಿದರೆ ಕಣ್ಣು ತುಂಬುತ್ತಿದ್ದ ಕಾಲ ನಿಮಗೆ ದೇವರು ಕೊಟ್ಟ ಹಾಲಾಗಿತ್ತು, ಅದಕ್ಕಾಗಿ ಕೃತಜ್ಞರಾಗಿರಿ. ಅದು ಮತ್ತೆ ಬರಬಹುದು, ಬರದೆಯೂ ಇರಬಹುದು. ಬರುವಂತೆ ಮಾಡುವ ವಿಧಾನ ನನ್ನ ಬಳಿ ಇಲ್ಲ, ಇದೆಯೆಂದು ಮಾರುವವರನ್ನು ನಂಬಬೇಡಿ.

ಮಲಗುವ ಮುನ್ನ, ಅದು ಬೆಳಿಗ್ಗೆ ಹತ್ತು ಗಂಟೆಯಾಗಿದ್ದರೂ ಸರಿ, ಕಳೆದ ದಿನವನ್ನು ಎರಡು ನಿಮಿಷ ಹಿಂತಿರುಗಿ ನೋಡಿ. ಎಲ್ಲಿ ಒಳ್ಳೆಯದೊಂದು ಸಿಕ್ಕಿತು, ಎಲ್ಲಿ ನಾನು ಒರಟಾದೆ. ನೋವಿನಲ್ಲಿದ್ದ ರೋಗಿಯ ಕೈ ಹಿಡಿದದ್ದು, ಸಹೋದ್ಯೋಗಿಯೊಬ್ಬಳು ನಿಮಗೆಂದು ಚಹಾ ತಂದಿಟ್ಟದ್ದು, ಅಮ್ಮನ ಮೇಲೆ ರೇಗಿದ್ದು. ಮೊದಲಿನದಕ್ಕೆ ವಂದನೆ, ಕೊನೆಯದಕ್ಕೆ ಕ್ಷಮೆ, ಮುಗಿಯಿತು. ಇದೂ ಇಗ್ನೇಷಿಯಸ್ ಕಲಿಸಿದ ಅಭ್ಯಾಸವೇ. ಪ್ರೊಟೆಸ್ಟೆಂಟ್ ಸುಧಾರಕ ಮಾರ್ಟಿನ್ ಲೂಥರ್ 1529ರ ತನ್ನ ಕಿರು ಪ್ರಶ್ನೋತ್ತರ ಪುಸ್ತಕದಲ್ಲಿ ಮನೆಮಂದಿಗೆ ರಾತ್ರಿಯ ಪ್ರಾರ್ಥನೆ ಬರೆದುಕೊಟ್ಟು, ಅದರ ಕೆಳಗೆ ಒಂದು ಸೂಚನೆ ಸೇರಿಸಿದ್ದಾನೆ: ಆಮೇಲೆ ತಕ್ಷಣ, ಸಂತೋಷದಿಂದ ನಿದ್ದೆ ಮಾಡಿ. ಈ ಸೂಚನೆಯನ್ನು ಪಾಲಿಸುವುದೂ ಭಕ್ತಿಯೇ.

ಭಾನುವಾರದ ಆರಾಧನೆಗೆ ಹೋಗಿ, ಬಾಯಿ ತೆರೆಯಲಾಗದಿದ್ದರೂ. ಹಾಡುವಾಗ ಸುಮ್ಮನೆ ನಿಂತುಕೊಳ್ಳಿ, ಬೇರೆಯವರು ಹಾಡಲಿ. ಕಪೆರ್ನೌಮಿನಲ್ಲಿ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಜನರ ನೂಕಿನಲ್ಲಿ ದಾರಿ ಸಿಗದೆ, ಮಾಳಿಗೆ ಬಿಚ್ಚಿ ಹಾಸಿಗೆಯನ್ನು ಕೆಳಗಿಳಿಸಿದ ಕಥೆ ನಿಮಗೆ ಗೊತ್ತು. ಸುವಾರ್ತೆಯಲ್ಲಿ ಮಾರ್ಕನು ಬರೆದಿರುವುದನ್ನು ಗಮನಿಸಿ: ಯೇಸು ಅವರ ನಂಬಿಕೆಯನ್ನು ನೋಡಿದನು. ಮಲಗಿದ್ದವನ ನಂಬಿಕೆಯ ಬಗ್ಗೆ ಒಂದು ಮಾತೂ ಇಲ್ಲ. ವರ್ಷಗಟ್ಟಲೆ ನೀವು ಬೇರೆಯವರ ಹಾಸಿಗೆ ಹೊತ್ತಿದ್ದೀರಿ, ಅಕ್ಷರಶಃ ಹೊತ್ತಿದ್ದೀರಿ. ಈಗ ನಿಮ್ಮ ಸರದಿ ಹೊರಿಸಿಕೊಳ್ಳುವುದು. ಹೊರಬಲ್ಲ ಒಬ್ಬರನ್ನಾದರೂ ಹುಡುಕಿಕೊಳ್ಳಿ. ಪ್ರಶ್ನೆ ಕೇಳುವವರು, ಮಾತು ಬಯಲು ಮಾಡದವರು, ನಿಮ್ಮನ್ನು ಸರಿಮಾಡಲು ಅವಸರಪಡದವರು. ನಿಮ್ಮ ಸಭಾಪಾಲಕರಾಗಬಹುದು, ವಯಸ್ಸಾದ ಸಹೋದರಿಯೊಬ್ಬರಾಗಬಹುದು. ತಿಂಗಳಿಗೊಮ್ಮೆ ಭೇಟಿಯಾದರೂ ಸಾಕು.

ಅಮ್ಮನ ಆರೈಕೆಯಲ್ಲೂ ಹೊರುವ ಕೈಗಳು ಬೇಕು. ಮರೆಗುಳಿ ಕಾಯಿಲೆಯ ಕುಟುಂಬಗಳಿಗಾಗಿಯೇ ದುಡಿಯುವ ಆಲ್ಝೈಮರ್ಸ್ ಅಂಡ್ ರಿಲೇಟೆಡ್ ಡಿಸಾರ್ಡರ್ಸ್ ಸೊಸೈಟಿ ಆಫ್ ಇಂಡಿಯಾದ ಶಾಖೆ ಬೆಂಗಳೂರಿನಲ್ಲಿದೆ, ವಿಚಾರಿಸಿ. ಅಣ್ಣ ತಮ್ಮಂದಿರಿದ್ದರೆ ಪಾಲು ಕೇಳಿ, ಹಣದ್ದಲ್ಲ, ಹೊತ್ತಿನದ್ದು. ವಾರದಲ್ಲಿ ಅರ್ಧ ದಿನ ನೀವು ಮನೆಯಿಂದ ಹೊರಗೆ, ಯಾರ ಸೇವೆಯನ್ನೂ ಮಾಡದೆ ಇರಬೇಕು. ಕಾಯಕವೇ ಕೈಲಾಸ ಎಂಬುದು ನಮ್ಮ ನಾಡಿನ ದೊಡ್ಡ ಮಾತು, ನಾನು ಅದಕ್ಕೆ ತಲೆಬಾಗುತ್ತೇನೆ. ಆದರೆ ದಣಿದವರ ಬೆನ್ನ ಮೇಲೆ ಇನ್ನೊಂದು ಮೂಟೆ ಹೇರಲು ಅದನ್ನು ಬಳಸುವುದನ್ನು ಕಂಡಾಗ ಸಂಕಟವಾಗುತ್ತದೆ. ಹೋಗಿಬರುವ ಜನರಿಂದಾಗಿ ಊಟಕ್ಕೂ ಬಿಡುವಿಲ್ಲದಿದ್ದ ಶಿಷ್ಯರಿಗೆ ಯೇಸುಸ್ವಾಮಿ ಹೇಳಿದ್ದು, ಅಡವಿಯ ಸ್ಥಳಕ್ಕೆ ಬಂದು ಸ್ವಲ್ಪ ದಣಿವಾರಿಸಿಕೊಳ್ಳಿ ಎಂದು. ಜನರು ಇನ್ನೂ ಬರುತ್ತಲೇ ಇದ್ದರು, ಅವರ ಅಗತ್ಯ ಮುಗಿದಿರಲಿಲ್ಲ. ಆದರೂ ಹಾಗೆ ಹೇಳಿದ.

ಕೆಲಸ ಬಿಡುವ ಬಗ್ಗೆ ಕೇಳಿದಿರಿ. ಈಗ ಬೇಡ. ಬರಡು ಕಾಲದಲ್ಲಿ ಹಿಂದಿನ ನಿರ್ಧಾರವನ್ನು ಬದಲಿಸಬಾರದು ಎಂಬುದು ಇಗ್ನೇಷಿಯಸ್‌ನ ನಿಯಮ, ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಪೂರ್ಣಾವಧಿ ಸೇವೆಗೆ ಕರೆ ಇದ್ದರೆ ಮನಸ್ಸು ನೆಮ್ಮದಿಯಾಗಿರುವಾಗಲೂ ಅದು ಇರುತ್ತದೆ, ಆಗ ನೋಡೋಣ. ಈ ಒಣಗುವಿಕೆಯಿಂದ ತಪ್ಪಿಸಿಕೊಳ್ಳಲು ಹೋದರೆ ಅದು ನಿಮ್ಮ ಜೊತೆಯಲ್ಲೇ ಬರುತ್ತದೆ, ಸಂಬಳ ಮಾತ್ರ ಬರುವುದಿಲ್ಲ. ಶಿಫ್ಟ್ ಬದಲಾವಣೆ ಕೇಳುವುದು ಬೇರೆ ಮಾತು, ಅದನ್ನು ಈ ವಾರವೇ ಕೇಳಿ. ಮನೆಯಲ್ಲಿ ಕಾಯಿಲೆಯ ತಾಯಿ ಇದ್ದಾರೆಂದು ಮೇಲ್ವಿಚಾರಕಿಗೆ ಬರವಣಿಗೆಯಲ್ಲಿ ಕೊಡಿ.

ಉಪವಾಸದ ವಿಷಯ ಉಳಿಯಿತು. ಉಪವಾಸ ಒಳ್ಳೆಯ ಅಭ್ಯಾಸ, ನಾನೂ ಮಾಡುತ್ತೇನೆ. ಆದರೆ ನೈಟ್ ಶಿಫ್ಟಿನಲ್ಲಿ ಔಷಧದ ಪ್ರಮಾಣ ಅಳೆದು ಕೊಡುವವರು ಹಸಿದು ತಲೆ ತಿರುಗುತ್ತಾ ನಿಲ್ಲುವುದು ರೋಗಿಗೆ ಅಪಾಯ. ಯೆಶಾಯನ 58ನೆಯ ಅಧ್ಯಾಯದಲ್ಲಿ ದೇವರು ಮೆಚ್ಚುವ ಉಪವಾಸದ ವಿವರಣೆಯಿದೆ: ಹಸಿದವರಿಗೆ ಅನ್ನ ಹಂಚುವುದು, ಬಟ್ಟೆಯಿಲ್ಲದವರಿಗೆ ಹೊದಿಸುವುದು, ನಿನ್ನ ರಕ್ತಸಂಬಂಧಿಗೆ ಮುಖ ತಪ್ಪಿಸದಿರುವುದು. ಅಮ್ಮನ ವಿಷಯದಲ್ಲಿ ಈ ಮೂರನ್ನೂ ನೀವು ದಿನವೂ ಮಾಡುತ್ತಿದ್ದೀರಿ. ಕೂಟದ ಮುಂದಿನ ಸಭೆಯಲ್ಲಿ, ಒಬ್ಬ ಸಭಾಪಾಲಕರ ಸಲಹೆಯಂತೆ ಈ ವರ್ಷ ಉಪವಾಸ ಮಾಡುತ್ತಿಲ್ಲ ಎಂದಷ್ಟೇ ಹೇಳಿ, ಕಾರಣ ವಿವರಿಸಲು ಹೋಗಬೇಡಿ. ನನಗಾಗಿ ಏನಾದರೂ ಮಾಡಬೇಕೆಂದಿದ್ದರೆ ಮಂಗಳವಾರ ಮಧ್ಯಾಹ್ನ ಎರಡು ಗಂಟೆ ಹೊತ್ತು ಅಮ್ಮನ ಬಳಿ ಕುಳಿತುಕೊಳ್ಳುವಿರಾ ಎಂದು ಕೇಳಿ. ಅವರಲ್ಲಿ ಒಬ್ಬರಾದರೂ ಹೂಂ ಎನ್ನುತ್ತಾರೆಂದು ನನಗೆ ನಂಬಿಕೆಯಿದೆ. ಆ ಎರಡು ಗಂಟೆ ಬಾಗಿಲು ಹಾಕಿಕೊಂಡು ನಿದ್ದೆ ಮಾಡಿ.